ಕಲ್ಲಿನ ಮೇಲೆ ಬೇಡವೆಂದ ಹೆಸರು

ಅಮೆರಿಕದ ಬಯಲುಸೀಮೆಯ ಆರ್ಡೆಲ್ ಊರಿನ ಹೆಂಗಸರ ಮಂಗಳವಾರದ ಕ್ಲಬ್ಬಿನಲ್ಲಿ ಇಪ್ಪತ್ತೈದು ಕುರ್ಚಿಗಳಿದ್ದವು, ಇಪ್ಪತ್ತಾರನೆಯವಳಿಗೆ ಜಾಗವಿರಲಿಲ್ಲ. ಯಾರಾದರೂ ಸತ್ತರೆ, ಇಲ್ಲವೇ ಯಾರದಾದರೂ ಗಂಡನಿಗೆ ಬೇರೆ ಸ್ಟೇಷನ್ನಿಗೆ ವರ್ಗವಾದರೆ ಒಂದು ಕುರ್ಚಿ ಖಾಲಿಯಾಗುತ್ತಿತ್ತು. ಆಗ ಹೊಸಬಳೊಬ್ಬಳ ಹೆಸರು ಹೇಳಿ, ಮೇಲೆ ತೂತಿರುವ ಒಂದು ಮರದ ಪೆಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಒಪ್ಪುವವರು ಬಿಳಿ ಕಾಳು ಹಾಕಬೇಕು, ಒಪ್ಪದವರು ಕಪ್ಪು ಕಾಳು. ಎರಡು ಕಪ್ಪು ಕಾಳು ಬಿದ್ದರೆ ಸಾಕು, ಆ ಹೆಸರು ಅಲ್ಲಿಗೆ ಮುಗಿಯಿತು.

ಹುಲ್ಡಾ ಪ್ರಾಟಳ ಹೆಸರು ಎರಡು ಸಲ ಹೋಗಿ ಎರಡು ಸಲವೂ ಹಿಂದೆ ಬಂತು. ಅವಳು ಹ್ಯಾಟು ಮಾಡಿ ಮಾರುವವಳು. ಅವಳ ಅಪ್ಪ ಮಣ್ಣುಹೆಂಟೆಯ ಮನೆಯಲ್ಲಿದ್ದ ಜರ್ಮನ್ ರೈತ. ಗಂಡ ರೈಲ್ವೆ ಶೆಡ್ಡಿನಲ್ಲಿ ಬಾಯ್ಲರ್ ಒಡೆದು ಸತ್ತವನು. ಈ ಮೂರರಲ್ಲಿ ಯಾವುದಕ್ಕೆ ಕಪ್ಪು ಕಾಳು ಬಿತ್ತೆಂದು ಯಾರೂ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಕಪ್ಪು ಕಾಳು ಹಾಕಿದವರ ತಲೆಯ ಅಳತೆಯನ್ನು ಮುಂದಿನ ವಾರವೂ ತೆಗೆದುಕೊಂಡು, ಅವರಿಗೆ ಒಪ್ಪುವ ಹ್ಯಾಟನ್ನೇ ಮಾಡಿಕೊಟ್ಟಳು.

ಮೂರನೆಯ ಸಲ ಎಲ್ಲವೂ ಬಿಳಿ ಕಾಳೇ ಬಿದ್ದವು. ಅದಕ್ಕೆ ಕಾರಣ ಪುಸ್ತಕಗಳು. ಕ್ಲಬ್ಬಿನವರು ಹತ್ತು ವರ್ಷ ಕೇಕು ಮಾರಿ, ಸಂಗೀತ ಸಂಜೆಗಳನ್ನು ನಡೆಸಿ ಇನ್ನೂರು ಚಿಲ್ಲರೆ ಪುಸ್ತಕಗಳನ್ನು ಕೂಡಿಹಾಕಿದ್ದರು. ಅವನ್ನು ಊರಿಗೆ ಓದಲು ಕೊಡಬೇಕು, ಆದರೆ ಇಡೀ ದಿನ ಬಾಗಿಲು ತೆರೆದು ಕೂತಿರುವ ಜಾಗ ಯಾವ ಸದಸ್ಯೆಯ ಮನೆಯಲ್ಲೂ ಇಲ್ಲ. ಹುಲ್ಡಾಳ ಅಂಗಡಿಗೆ ಅಂಥ ಬಾಗಿಲಿತ್ತು. ಹಾಗಾಗಿ ೧೯೦೩ರ ಶರತ್ಕಾಲದಲ್ಲಿ ಒಂದು ದೊಡ್ಡ ಓಕ್ ಮರದ ಕಪಾಟು ಹ್ಯಾಟುಗಳ ಪಕ್ಕಕ್ಕೆ ಬಂತು, ಹುಲ್ಡಾ ಕ್ಲಬ್ಬಿಗೆ ಹೋದಳು. ಎರಡೂ ಒಂದೇ ವ್ಯವಹಾರವೆಂದು ಅವಳಿಗೆ ಗೊತ್ತಿತ್ತು.

ಕಪಾಟನ್ನು ಜೋಡಿಸಿದವಳು ಕ್ಲಬ್ಬಿನ ಅಧ್ಯಕ್ಷೆ ಅಗಸ್ಟಾ ವೆದರ್ಬೀ. ಅವಳ ಮಾವ ಈ ಊರಿಗೆ ಮೊದಲ ಗೂಟ ಹೊಡೆದವನು, ಗಂಡ ಬ್ಯಾಂಕಿನವನು. ಅವಳು ಪೂರ್ವದ ಕಡೆಯ ಕಾಲೇಜಿನಲ್ಲಿ ಎರಡು ವರ್ಷ ಓದಿದ್ದಳು, ತಾನೇ ಪದ್ಯಗಳನ್ನೂ ಬರೆಯುತ್ತಿದ್ದಳು. ಅಮೆರಿಕದ ಸಾಹಿತ್ಯ ಹೇಗೆ ಬೆಳೆಯಿತೋ ಅದೇ ಕ್ರಮದಲ್ಲಿ ಪುಸ್ತಕಗಳನ್ನಿಟ್ಟಿದ್ದಳು. ಎಲ್ಲಕ್ಕಿಂತ ಮೇಲೆ ಮೊದಲ ವಲಸೆಗಾರರ ಧರ್ಮೋಪದೇಶಗಳು; ಅದರ ಕೆಳಗೆ ಸ್ವಾತಂತ್ರ್ಯದ ಕಾಲದ ಕರಪತ್ರಗಳು ಮತ್ತು ಭಾಷಣಗಳು; ಆಮೇಲೆ ರಮ್ಯ ಕವಿಗಳು; ಆಮೇಲೆ ಕಾಡು, ಕೆರೆ, ಆತ್ಮ ಎಂದು ಬರೆದ ನ್ಯೂ ಇಂಗ್ಲೆಂಡಿನ ದಾರ್ಶನಿಕರು. ಎಲ್ಲಕ್ಕಿಂತ ಕೆಳಗೆ, ಬಗ್ಗಿದರೆ ಮಾತ್ರ ಕೈಗೆ ಸಿಗುವ ಅಡ್ಡಹಲಗೆಯಲ್ಲಿ, ವಾಸ್ತವವಾದಿಗಳು. ಅಲ್ಲಿ ಏಳೋ ಎಂಟೋ ಪುಸ್ತಕಗಳಿದ್ದವು.

ಹುಲ್ಡಾ ಐದು ವರ್ಷ ತಗೊಂಡು ಆ ಕಪಾಟನ್ನು ಮೇಲಿನಿಂದ ಕೆಳಗೆ ಓದಿದಳು. ಹ್ಯಾಟಿನ ಉಣ್ಣೆ ಫೆಲ್ಟು ಆವಿಯಲ್ಲಿ ಮೆತ್ತಗಾಗುವಷ್ಟು ಹೊತ್ತು, ಅಂಟು ಒಣಗುವಷ್ಟು ಹೊತ್ತು, ಗಿರಾಕಿ ಕನ್ನಡಿಯ ಮುಂದೆ ಮನಸ್ಸು ಮಾಡುವಷ್ಟು ಹೊತ್ತು ಓದುತ್ತಿದ್ದಳು. ಧರ್ಮೋಪದೇಶ ಮಾಡಿದವರು ಅವಳಿಗೆ ಹಿಡಿಸಿದರು. ನರಕವಿದೆಯೆಂದು ಅವರು ನೇರವಾಗಿ ಹೇಳುತ್ತಿದ್ದರು. ಕರಪತ್ರದವರೂ ಹಿಡಿಸಿದರು. ರಮ್ಯ ಕವಿಗಳನ್ನು ಓದುವಾಗ, ರಿಬ್ಬನ್ನು ಹೆಚ್ಚಾಗಿ ಹ್ಯಾಟು ಕಾಣದಂತಾಗಿದೆ ಎನ್ನಿಸಿತು. ಕಾಡಿನ ಒಂಟಿತನವನ್ನು ಹೊಗಳಿದವರನ್ನು ಗಮನವಿಟ್ಟು ಓದಿದಳು, ಅವರ ಅಂಗಿಗಳನ್ನು ಯಾರು ಒಗೆಯುತ್ತಿದ್ದರೆಂದು ಒಬ್ಬರೂ ಬರೆಯದಿರುವುದನ್ನು ಗಮನಿಸಿದಳು.

ಒಂದು ಪುಸ್ತಕ ಕಪಾಟಿನಲ್ಲಿರಲಿಲ್ಲ. ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಒಬ್ಬ ಗುಲಾಮ ತನ್ನ ಬದುಕನ್ನು ತಾನೇ ಬರೆದದ್ದು. ಚರ್ಚಿನ ದಾನದ ಹಳೆಬಟ್ಟೆಗಳ ಜೊತೆಗೆ ಒಂದು ಡಬ್ಬದಲ್ಲಿ ಬಂದಿತ್ತು. ಇದನ್ನು ಯಾವ ಸಾಲಿನಲ್ಲಿಡಬೇಕೆಂದು ಅವಳು ಕೇಳಿದಾಗ ಅಗಸ್ಟಾ ಅದು ಸಾಹಿತ್ಯವಲ್ಲ, ಸಾಕ್ಷ್ಯ ಎಂದಳು. ಹುಲ್ಡಾ ಅದನ್ನು ಕರಪತ್ರಗಳ ಸಾಲಿನಲ್ಲಿ, ಸ್ವಾತಂತ್ರ್ಯದ ಭಾಷಣಗಳ ಪಕ್ಕದಲ್ಲೇ ಇಟ್ಟಳು. ಅಗಸ್ಟಾ ಬಂದಾಗಲೆಲ್ಲ ತೆಗೆದು ಮೇಜಿನ ಮೇಲಿಡುತ್ತಿದ್ದಳು. ಅವಳು ಹೋದ ಮೇಲೆ ಅದು ಮತ್ತೆ ಅಲ್ಲೇ ಹೋಗಿ ನಿಲ್ಲುತ್ತಿತ್ತು.

೧೯೦೮ರ ಶರತ್ಕಾಲದಲ್ಲಿ ಕ್ಲಬ್ಬು ಇಡೀ ವರ್ಷ ಅಮೆರಿಕದ ಸಾಹಿತ್ಯವನ್ನೇ ಓದುವುದೆಂದು ತೀರ್ಮಾನಿಸಿತು. ಯಾವ ದಿನ ಯಾರ ಮನೆ, ಯಾವ ವಿಷಯ, ಯಾರ ಪ್ರಬಂಧ ಎಂಬುದನ್ನು ಒಂದು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿಸಿ, ನೇರಳೆ ಬಣ್ಣದ ರಟ್ಟು ಹಾಕಿ, ರೇಷ್ಮೆ ದಾರ ಕಟ್ಟಿ ಹಂಚುವುದು ಅಲ್ಲಿನ ಪದ್ಧತಿ. ಅಚ್ಚಾದ ಮೇಲೆ ಬದಲಿಸುವಂತಿಲ್ಲ. ಹೆರಿಗೆಯಾಗಿ ನಾಲ್ಕು ದಿನಕ್ಕೆ ಬಂದು ಪ್ರಬಂಧ ಓದಿದವರಿದ್ದರು. ವಿಷಯಗಳನ್ನು ಚೀಟಿಯಲ್ಲಿ ಬರೆದು ಎತ್ತಿದರು. ಹುಲ್ಡಾಳ ಚೀಟಿಯಲ್ಲಿ ಬಂದದ್ದು ಏಪ್ರಿಲ್ ತಿಂಗಳು, ವಾಸ್ತವವಾದ.

ಪಕ್ಕದಲ್ಲಿ ಕೂತಿದ್ದ ಓರ್ಫಾ ಟಿಡ್, ದನದ ಮೇವಿನ ಅಂಗಡಿಯವನ ಹೆಂಡತಿ, ಚೀಟಿಯನ್ನು ಇಣುಕಿ ನೋಡಿದಳು. ಹುಲ್ಡಾಳ ಜೊತೆ ಏಕವಚನದಲ್ಲಿ ಮಾತಾಡುತ್ತಿದ್ದವಳು ಅವಳೊಬ್ಬಳೇ. ತನಗೆ ರಮ್ಯ ಕವಿಗಳು ಬಂದದ್ದು ಪುಣ್ಯ, ವಿಶ್ವಕೋಶದಲ್ಲಿ ಅವರದು ನಾಲ್ಕು ಪುಟವಿದೆ, ಎರಡು ಸಂಜೆಯಲ್ಲಿ ನಕಲು ಮಾಡಿ ಮುಗಿಸಬಹುದು ಎಂದು ಪಿಸುಗುಟ್ಟಿದಳು. ಎಲ್ಲರೂ ಹಾಗೇ ಮಾಡುತ್ತಿದ್ದರು. ಊರಿನಲ್ಲಿ ಒಂದೇ ವಿಶ್ವಕೋಶ, ಅದು ಅಗಸ್ಟಾಳ ಮನೆಯಲ್ಲಿ. ಅವಳು ಬೇಕಾದ ಸಂಪುಟವನ್ನು ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಿದ್ದಳು. ಓದುವ ದಿನ ಎಲ್ಲರಿಗೂ ಅದು ಎಲ್ಲಿಯದೆಂದು ಗೊತ್ತು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಪ್ರಬಂಧವೆಂದರೆ ಓದುವವಳೇ ಬರೆಯಬೇಕೆಂದು ತಿಳಿದಿದ್ದವಳು ಹುಲ್ಡಾ ಒಬ್ಬಳೇ. ಆ ದಿನದವರೆಗೆ, ಐದು ವರ್ಷದಲ್ಲಿ, ಯಾರೂ ಅವಳಿಗೆ ಈ ಗುಟ್ಟು ಹೇಳಿರಲಿಲ್ಲ. ಅವಳಿಗೆ ಇದುವರೆಗೆ ಕೊಟ್ಟಿದ್ದ ಕೆಲಸ ಚಹಾದ್ದು.

೧೯೦೯ರ ಫೆಬ್ರವರಿಯಲ್ಲಿ ಅಗಸ್ಟಾ ಎದ್ದುನಿಂತು ಒಂದು ವಿಷಯ ಹೇಳಿದಳು. ಕೋರ್ಟಿನ ಮುಂದೆ ಕ್ಲಬ್ಬು ಒಂದು ಕುಡಿಯುವ ನೀರಿನ ಕಾರಂಜಿ ಕಟ್ಟಿಸುತ್ತದೆ. ಅದರ ಹಿಂದೆ ಒಂದು ಕಲ್ಲು. ಕಲ್ಲಿನ ಮೇಲೆ ಈ ಬಯಲಿಗೆ ಮೊದಲು ಬಂದ ಹನ್ನೆರಡು ತಾಯಂದಿರ ಹೆಸರುಗಳು, ಮೇಲೆ ಅವಳದೇ ಪದ್ಯ. ಸಮಾಧಿಗಳಿಗೆ ಹೂವಿಡುವ ದಿನ, ಮೇ ಮೂವತ್ತರಂದು, ಪರದೆ ಎಳೆಯುವುದು. ಪದ್ಯವನ್ನು ಓದಿದಳು:

ಗಾಳಿಯ ಹಾಡಿಗೆ ದನಿಗೂಡಿಸಿ ನಕ್ಕರು ತಾಯಂದಿರು,
ಹೂವಿನ ಬಯಲಿಗೆ ಹರಕೆಯ ಹಣತೆಯ ಹೊತ್ತು ನಿಂದರು.

ಹೆಸರುಗಳನ್ನು ಓದಿದಾಗ ನಾಲ್ಕನೆಯದು ಗೆಸೀನಾ ಕ್ರಾಮರ್ ಎಂದಿತ್ತು. ಅದು ಹುಲ್ಡಾಳ ಅಮ್ಮ. ಸುತ್ತಲಿನ ಹೆಂಗಸರು ಹುಲ್ಡಾಳ ಕೈ ಒತ್ತಿದರು. ಎಪ್ಪತ್ತನಾಲ್ಕರ ಜ್ವರದಲ್ಲಿ ಹೋದವರಲ್ಲವೇ, ಪಾಪ, ಎಂದರು.

ಗೆಸೀನಾ ಕ್ರಾಮರ್ ೧೮೭೪ರಲ್ಲಿ ಸತ್ತಿರಲಿಲ್ಲ. ಸತ್ತದ್ದು ೧೯೦೦ರಲ್ಲಿ, ರಾಜ್ಯದ ಹುಚ್ಚಾಸ್ಪತ್ರೆಯಲ್ಲಿ. ಹುಲ್ಡಾಳಿಗೆ ಹದಿನೈದು ತುಂಬಿ ಹ್ಯಾಟಿನ ಕೆಲಸ ಕಲಿಯಲು ಹೊರಟ ದಿನ ಅವಳ ಅಪ್ಪ ಅಮ್ಮ ಅಲ್ಲಿ ಬದುಕಿದ್ದಾಳೆಂದು ಹೇಳಿದ್ದ, ಇನ್ನು ಯಾರಿಗೂ ಹೇಳಕೂಡದೆಂದೂ ಹೇಳಿದ್ದ. ಆಗಿನಿಂದ ಅವಳು ವರ್ಷಕ್ಕೊಂದು ಸಲ, ರಿಬ್ಬನ್ನು ತರಲು ಹೋಗುತ್ತೇನೆಂದು ಹೇಳಿ, ರೈಲು ಹತ್ತಿ ಅಲ್ಲಿಗೆ ಹೋಗಿ ಬರುತ್ತಿದ್ದಳು. ಇಪ್ಪತ್ತು ವರ್ಷ ಹೋದಳು. ಗೆಸೀನಾ ಒಂದು ಸಲವೂ ಮಗಳ ಗುರುತು ಹಿಡಿಯಲಿಲ್ಲ. ಆಸ್ಪತ್ರೆಯ ಹಿಂದಿನ ಹುಲ್ಲಿನಲ್ಲಿ ಅವಳ ಸಮಾಧಿಗೆ ಹೆಸರಿಲ್ಲ, ಕಬ್ಬಿಣದ ತಗಡಿನ ಮೇಲೆ ಮುನ್ನೂರ ಹನ್ನೆರಡು ಎಂದಿದೆ. ಅಂದರೆ ಆ ಕಾರಂಜಿಯ ಕಲ್ಲು ಬಿಟ್ಟರೆ ಈ ಭೂಮಿಯ ಮೇಲೆ ಗೆಸೀನಾ ಕ್ರಾಮರ್ ಎಂದು ಕೆತ್ತಿದ ಇನ್ನೊಂದು ಕಲ್ಲು ಇರುವುದಿಲ್ಲ.

ಇದನ್ನೆಲ್ಲ ಯೋಚಿಸಿ, ಮೂರು ದಿನ ಬಿಟ್ಟು, ಹುಲ್ಡಾ ವೆದರ್ಬೀ ಮನೆಯ ಮುಂಬಾಗಿಲ ಗಂಟೆ ಒತ್ತಿದಳು. ಹ್ಯಾಟು ತಲುಪಿಸಲು ಬಂದಾಗ ಹಿಂಬಾಗಿಲಿಗೆ ಹೋಗುತ್ತಿದ್ದವಳು.

ಪದ್ಯದ ಬದಲು ಬರೀ ಹೆಸರು ಮತ್ತು ಇಸವಿಗಳನ್ನು ಕೆತ್ತಿಸಿ ಎಂದು ಅವಳು ಕೇಳಿದಳು. ಅಗಸ್ಟಾ ಚಹಾ ಬಗ್ಗಿಸುತ್ತಾ, ಪದ್ಯಕ್ಕೇನು ಕೊರತೆಯೆಂದು ಕೇಳಿದಳು.

"ನಮ್ಮಮ್ಮ ನಗಲೂ ಇಲ್ಲ, ಹಾಡಲೂ ಇಲ್ಲ. ಜ್ವರದಲ್ಲೂ ಸಾಯ್ಲಿಲ್ಲ."

"ಗೊತ್ತು ಮಿಸೆಸ್ ಪ್ರಾಟ್. ಬಂಡೀಲಿ ಅಲ್ಲಿಗೆ ಕರ್ಕೊಂಡು ಹೋಗಿ, ಊರಿಗೆ ಜ್ವರ ಅಂತ ಹೇಳಿದೋರು ನಮ್ಮ ಮಾವನೋರೇ. ಸಾಯೋ ಮುಂಚೆ ನನಗೊಬ್ಬಳಿಗೆ ಹೇಳಿದ್ರು." ಅಗಸ್ಟಾ ಬಟ್ಟಲನ್ನು ಮುಂದೆ ತಳ್ಳಿದಳು. "ಅದಕ್ಕೇ ಅವರ ಹೆಸರು ನಾನೇ ಸೇರಿಸಿದ್ದು. ಆ ಆಸ್ಪತ್ರೆ ಹಿತ್ತಲಲ್ಲಿರೋದು ಬರೀ ನಂಬರು ತಾನೇ?"

ಹುಲ್ಡಾ ವರ್ಷ ವರ್ಷವೂ ಹೇಳಿದ ರಿಬ್ಬನ್ನಿನ ನೆಪವನ್ನು ಈ ಹೆಂಗಸು ನಂಬಿದವಳಂತೆ ಕೇಳುತ್ತಾ ಬಂದಿದ್ದಳು.

"ಗೊತ್ತಿದ್ದೂ ಹಾಡಿದ್ರು ಅಂತ ಬರ್ದ್ರಾ?"

"ಕಾವ್ಯ ಅಂದ್ರೆ ಹಾಗೇ ಕಣ್ರೀ. ಇದ್ದದ್ದನ್ನ ಇದ್ದಹಾಗೆ ಬರೆಯೋಕೆ ಪೊಲೀಸರಿದಾರೆ. ನಾನು ನಿಮಗೆ ಉಪಕಾರ ಮಾಡಿದೀನಿ, ಅದು ನಿಮಗೆ ಕಾಣ್ತಿಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಅದು ಉಪಕಾರವೇ. ಹುಲ್ಡಾ ಚಹಾ ಮುಟ್ಟದೆ ಎದ್ದಳು. ಹೊರಡುವಾಗ ಅಗಸ್ಟಾ ಏಪ್ರಿಲಿನ ಪ್ರಬಂಧದ ಮಾತೆತ್ತಿದಳು. ವಾಸ್ತವವಾದ ಎಂಬುದು ಪೂರ್ವದ ನಗರಗಳಲ್ಲಿ ಹುಟ್ಟಿದ ಒಂದು ಜಡ್ಡು, ಆರೋಗ್ಯವಂತ ದೇಶ ಬೇಗನೆ ಅದರಿಂದ ಹೊರಬರುತ್ತದೆ, ಪ್ರಬಂಧ ಆ ಮಾತಿನಲ್ಲಿ ಮುಗಿದರೆ ಚೆನ್ನ ಎಂದಳು. ಮಾರನೆಯ ಬೆಳಿಗ್ಗೆ ವಿಶ್ವಕೋಶದ ಸಂಪುಟ ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂತು. ಬೇಕಾದ ಪುಟಕ್ಕೆ ಒಂದು ನೇರಳೆ ದಾರ ಸಿಕ್ಕಿಸಿತ್ತು. ಓರ್ಫಾ ಪಿಸುಗುಟ್ಟಿದ್ದು ಅವಳೊಬ್ಬಳ ಕಥೆಯಲ್ಲ; ಉಳಿದ ಇಪ್ಪತ್ತನಾಲ್ಕು ಜನರ ಪ್ರಬಂಧಗಳೂ ಒಂದೇ ಧಾಟಿಯಲ್ಲಿ ಯಾಕಿರುತ್ತಿದ್ದವೆಂದು ಹುಲ್ಡಾಳಿಗೆ ಆಗ ಪೂರ್ತಿ ತಿಳಿಯಿತು. ಸಂಜೆಗೆ ಸಂಪುಟವನ್ನು ಅದೇ ಬಟ್ಟೆಯಲ್ಲಿ ಸುತ್ತಿ ಹಿಂದೆ ಕಳಿಸಿದಳು.

ಓರ್ಫಾ ಟಿಡ್ ಬಂದು ಬುದ್ಧಿ ಹೇಳಿದಳು. "ನಿಂಗೇನು ಹಟ ಕಣೇ ಹುಲ್ಡಾ? ಅವಳ ಹ್ಯಾಟು, ಅವಳ ನಾದಿನಿಯ ಹ್ಯಾಟು, ಬ್ಯಾಂಕಿನೋರ ಹೆಂಡ್ತೀರ ಹ್ಯಾಟು ಎಲ್ಲಾ ನಿನ್ನಂಗಡೀದು. ನಾಳೆ ಅವರೆಲ್ಲ ಒಮಾಹಾ ಪೇಟೆಗೆ ಹೋಗಿ ಕೊಂಡ್ಕೋತಾರೆ. ನೀನು ರೈತರ ಹೆಂಡ್ತೀರಿಗೆ ಬಿಸಿಲು ಟೋಪಿ ಹೊಲ್ಕೊಂಡು ಕೂತ್ಕೋ."

"ಹೊಲೀತೀನಿ," ಎಂದಳು ಹುಲ್ಡಾ.

ಏಪ್ರಿಲಿನ ಆ ಮಂಗಳವಾರ ಸಭೆ ಸೇರಿದ್ದು ಅಗಸ್ಟಾಳ ಮನೆಯಲ್ಲೇ. ಕ್ಲಬ್ಬಿನಲ್ಲಿ ಹಾಜರಿ ಕರೆದಾಗ 'ಬಂದಿದ್ದೇನೆ' ಅನ್ನುವ ಹಾಗಿಲ್ಲ. ಆ ದಿನದ ವಿಷಯಕ್ಕೆ ಸೇರಿದ ಲೇಖಕರ ಒಂದು ಸಾಲನ್ನು ಬಾಯಿಪಾಠ ಹೇಳಬೇಕು. ರಮ್ಯ ಕವಿಗಳ ದಿನ ಇಡೀ ಕೋಣೆ ಚಂದ್ರ, ಸಮುದ್ರ, ಸಮಾಧಿಗಳಿಂದ ತುಂಬಿಹೋಗಿತ್ತು. ಈ ದಿನ ಹೆಂಗಸರು ಕಷ್ಟಕ್ಕೆ ಸಿಕ್ಕಿಕೊಂಡಿದ್ದರು. ಕೆಳಗಿನ ಸಾಲಿನ ಪುಸ್ತಕಗಳಲ್ಲಿ ಬಾಯಿಪಾಠಕ್ಕೆ ಒಗ್ಗುವ ಸಾಲುಗಳೇ ಇಲ್ಲ. ಒಬ್ಬಳು ಎದ್ದು, "ಹಾಲು ಕೆಟ್ಟಿತ್ತು," ಎಂದು ಹೇಳಿ ಕೆಂಪಾಗಿ ಕೂತಳು. ಇನ್ನೊಬ್ಬಳು, "ಅವನು ಬಾಗಿಲು ಹಾಕಿಕೊಂಡು ಹೋದ," ಎಂದಳು. ಓರ್ಫಾ ಎದ್ದು, "ಹಂದಿಗಳು ಹನ್ನೊಂದಿದ್ದವು," ಎಂದಾಗ ಹಿಂದಿನ ಸಾಲಿನವರು ಕರವಸ್ತ್ರದೊಳಗೆ ನಕ್ಕರು. ಅಗಸ್ಟಾಳಿಗೂ ಈ ನಗೆ ಬೇಕಾಗಿತ್ತು. ವಾಸ್ತವವಾದದ ಯೋಗ್ಯತೆ ಇಷ್ಟೇ ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಆಮೇಲೆ ಹುಲ್ಡಾ ಎದ್ದು ನಿಂತಳು. ಕೈಯಲ್ಲಿ ನಾಲ್ಕು ಹಾಳೆಗಳಿದ್ದವು. ಕಪಾಟಿನ ಐದು ಸಾಲುಗಳನ್ನು ಓದಿದ್ದೇನೆ, ಅದನ್ನು ಹೇಳಿ ಮುಂದೆ ಹೋಗುತ್ತೇನೆ ಎಂದು ಓದತೊಡಗಿದಳು. ಮೊದಲ ಸಾಲಿನವರು ದೇವರಿಗೆ ಹೆದರಿ ಬರೆದರು. ಎರಡನೆಯ ಸಾಲಿನವರು ರಾಜನಿಗೆ ಹೆದರದೆ ಬರೆದರು. ಮೂರನೆಯವರು ಚಂದ ಕಾಣಲೆಂದು ಬರೆದರು. ನಾಲ್ಕನೆಯವರು, ಮನುಷ್ಯ ಒಬ್ಬನೇ ನಿಂತರೆ ದೊಡ್ಡವನಾಗುತ್ತಾನೆಂದು ಬರೆದರು. ಐದನೆಯವರು ಬಾಗಿಲು ತೆರೆದು ಒಳಗೆ ಇದ್ದದ್ದನ್ನು ಬರೆದರು. ಇದು ಸರಿಯೇ ತಪ್ಪೇ ಎಂದು ಹೇಳುವಷ್ಟು ನಾನು ಕಲಿತಿಲ್ಲ. ಆದ್ದರಿಂದ ಒಂದು ಬಾಗಿಲನ್ನು ನಾನೇ ತೆರೆದು ನೋಡುತ್ತೇನೆ.

ಎರಡನೆಯ ಹಾಳೆ ಹೀಗಿತ್ತು:

"ಎಪ್ಪತ್ತನಾಲ್ಕರ ಜುಲೈ ತಿಂಗಳಲ್ಲಿ ಮಿಡತೆಗಳು ಬಂದವು. ನನಗೆ ಒಂಬತ್ತು ವರ್ಷ. ಅಪ್ಪ ರೈಲ್ವೆ ಹಾದಿಯ ಕೆಲಸಕ್ಕೆ ಹೋಗಿದ್ದರು. ಅಮ್ಮ ಎಲೆಕೋಸಿನ ಮೇಲೆ ಕೌದಿಗಳನ್ನು ಹೊದಿಸಿದರು. ಮಿಡತೆಗಳು ಕೌದಿಗಳನ್ನು ತಿಂದು ಆಮೇಲೆ ಎಲೆಕೋಸನ್ನು ತಿಂದವು. ಈರುಳ್ಳಿಯನ್ನು ನೆಲದೊಳಗಿಂದ ತಿಂದು ಗುಂಡಿಗಳನ್ನು ಮಾತ್ರ ಬಿಟ್ಟವು. ಬೆವರಿನ ಉಪ್ಪಿಗೋಸ್ಕರ ಗುದ್ದಲಿಯ ಹಿಡಿಯನ್ನು ಕಡಿದವು. ಮೂರನೆಯ ದಿನ ಅವು ಹೋದವು. ಅಮ್ಮ ಪೊರಕೆ ತೆಗೆದುಕೊಂಡು ಮನೆಯೊಳಗೆ ಸತ್ತಿದ್ದ ಮಿಡತೆಗಳನ್ನು ಗುಡಿಸಿದರು. ಮುಗಿದ ಮೇಲೂ ಗುಡಿಸಿದರು. ನಮ್ಮದು ಮಣ್ಣಿನ ನೆಲ. ಗುಡಿಸಿದಷ್ಟೂ ಮಣ್ಣು ಬರುತ್ತದೆ. ಅಡಿಗೆ ಮಾಡುವುದನ್ನು ಬಿಟ್ಟರು. ಅಂಗಳ ಗುಡಿಸಿದರು, ಅಂಗಳದಾಚೆ ಗುಡಿಸಿದರು. ಸೆಪ್ಟೆಂಬರಿನ ಒಂದು ದಿನ ಹುಲ್ಲುಗಾವಲನ್ನು ಗುಡಿಸುತ್ತಾ ಎರಡು ಮೈಲಿ ಹೋದರು. ನಾನು ತಮ್ಮನನ್ನು ಎತ್ತಿಕೊಂಡು ಹಿಂದೆ ಹಿಂದೆ ಹೋದೆ. ಅವರು ಹಾಡಲಿಲ್ಲ. ಒಂದು ಮಾತೂ ಆಡಲಿಲ್ಲ."

ಅಗಸ್ಟಾ ಮೇಜಿನ ಮೇಲಿನ ಚಿಕ್ಕ ಗಂಟೆಯನ್ನು ಬಾರಿಸಿದಳು. ಪ್ರಬಂಧ ವಿಷಯ ಬಿಟ್ಟು ಹೋಗುತ್ತಿದೆ, ಇಲ್ಲಿಗೆ ನಿಲ್ಲಿಸಿ ಚಹಾಕ್ಕೆ ಏಳೋಣ ಎಂದಳು. ಕೆಲವರು ಎದ್ದೇಬಿಟ್ಟರು.

"ಪುಸ್ತಕದಲ್ಲಿ ಅಚ್ಚಾಗಿದೆ ಮಿಸೆಸ್ ವೆದರ್ಬೀ," ಎಂದಳು ಹುಲ್ಡಾ. "ಏಪ್ರಿಲ್ ಹದಿಮೂರು, ವಾಸ್ತವವಾದ, ಮಿಸೆಸ್ ಪ್ರಾಟ್. ಚಹಾ ಅಂತ ಅಚ್ಚಾಗಿಲ್ಲ. ಇನ್ನೂ ಎರಡು ಹಾಳೆ ಇದೆ."

ಎದ್ದವರು ಮತ್ತೆ ಕೂತರು. ಅವಳ ಮೇಲಿನ ಮಮತೆಗೆ ಕೂತದ್ದಲ್ಲ, ನಿಯಮಕ್ಕೆ ಕೂತದ್ದು. ಅವಳು ಬಂಡಿ, ಆಸ್ಪತ್ರೆ, ಇಸ್ತ್ರಿಮನೆಯಲ್ಲಿ ಕಳೆದ ಇಪ್ಪತ್ತಾರು ವರ್ಷ, ಮುನ್ನೂರ ಹನ್ನೆರಡನೆಯ ತಗಡು, ಎಲ್ಲವನ್ನೂ ಅದೇ ದನಿಯಲ್ಲಿ ಓದಿದಳು. ಬಂಡಿ ಹೊಡೆದವರ ಹೆಸರು ಹೇಳಲಿಲ್ಲ. ಅಗಸ್ಟಾಳ ಮುಖ ನೋಡಿದರೆ ಹೇಳಿಯೇ ಹೇಳುತ್ತಾಳೆಂದು ಅವಳು ಕಾದಿದ್ದಳೆಂದು ತಿಳಿಯುತ್ತಿತ್ತು. ಕೊನೆಯ ಸಾಲಿನಲ್ಲಿ ಹುಲ್ಡಾ ಒಂದು ಬೇಡಿಕೆ ಇಟ್ಟಳು: ಪದ್ಯವನ್ನು ತೆಗೆಯಿರಿ, ಇಲ್ಲವೇ ನನ್ನ ಅಮ್ಮನ ಹೆಸರನ್ನು ತೆಗೆಯಿರಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪೆಟ್ಟಿಗೆ ಬಂತು. ಪದ್ಯ ಇರಬೇಕೆನ್ನುವವರು ಬಿಳಿ ಕಾಳು ಹಾಕಿದರು. ಇಂಥ ವಿಷಯಕ್ಕೆ ಬಹುಮತ ಸಾಕಾಗಿತ್ತು. ಹದಿನೇಳು ಬಿಳಿ, ಏಳು ಕಪ್ಪು; ಪದ್ಯ ಉಳಿಯಿತು. ಒಬ್ಬರು ಯಾವುದನ್ನೂ ಹಾಕಿರಲಿಲ್ಲ. ಅದು ಓರ್ಫಾ, ಅವಳೇ ಆಮೇಲೆ ಒಪ್ಪಿಕೊಂಡಳು. ಹೆಸರಿನ ಮಾತು ಬಂದಾಗ ಅಗಸ್ಟಾ, ಕಲ್ಲು ಕ್ಲಬ್ಬಿನದು, ತಾಯಂದಿರು ಇಡೀ ಊರಿನವರು, ಯಾರೋ ಒಬ್ಬರ ಮಗಳು ಬೇಡವೆಂದಳೆಂದು ಚರಿತ್ರೆ ಬದಲಾಗುವುದಿಲ್ಲ ಎಂದು ತೀರ್ಪು ಕೊಟ್ಟಳು.

ಮಾರನೆಯ ಬೆಳಿಗ್ಗೆ ಹುಲ್ಡಾ ಅಂಗಡಿಗೆ ಬೀಗ ಹಾಕಿ, ರೈಲು ಹಳಿಯ ಪಕ್ಕದ ಕಲ್ಲುಕುಟಿಗನ ಶೆಡ್ಡಿಗೆ ಹೋದಳು. ಎಂಗ್ಡಾಲ್ ಸ್ವೀಡನ್ನಿನವನು, ಮಾತು ಕಡಿಮೆ. ಕೆಂಪು ಕಲ್ಲು ಪಕ್ಕಕ್ಕೆ ಮಗುಚಿಕೊಂಡು ಓರೆಯಾಗಿ ನಿಂತಿತ್ತು, ಸಾಲುಗಳೆಲ್ಲ ಮೇಲಿಂದ ಕೆಳಕ್ಕೆ ಇಳಿದಿದ್ದವು. ಪದ್ಯವನ್ನು ಆಗಲೇ ಕೆತ್ತಿ ಮುಗಿಸಿದ್ದ. ಹನ್ನೆರಡು ಹೆಸರುಗಳನ್ನೂ ಸುಣ್ಣದ ಕಡ್ಡಿಯಲ್ಲಿ ಬರೆದುಕೊಂಡಿದ್ದ. ಎರಡು ಹೆಸರುಗಳ ಕೆತ್ತನೆ ಮುಗಿದು ಮೂರನೆಯದು ನಡೆಯುತ್ತಿತ್ತು.

ನಾಲ್ಕನೆಯದನ್ನು ಕೆತ್ತಬೇಡಿ ಎಂದು ಅವಳು ಹೇಳಿದಳು. ಅವನು, ಕೆಲಸ ಹೇಳಿದವರು ಬೇಡವೆಂದರೆ ಬಿಡುತ್ತೇನೆ, ನೀವು ಹೇಳಿದವರಲ್ಲ ಎಂದ. ಅದು ಸರಿಯಾದ ಮಾತು. ಹುಲ್ಡಾ ಅಂಗಡಿಗೆ ಹಿಂದಿರುಗಿ ಒಂದು ಸ್ಟೂಲು, ಹೊಲಿಗೆಯ ಚೀಲ, ಅರ್ಧ ಮುಗಿದ ಒಂದು ಹುಲ್ಲಿನ ಹ್ಯಾಟು ತಂದಳು. ಸ್ಟೂಲನ್ನು ಕಲ್ಲಿಗೆ ಅಂಟಿಸಿ ಹಾಕಿ, ಸುಣ್ಣದಲ್ಲಿ ಬರೆದ ತನ್ನ ಅಮ್ಮನ ಹೆಸರಿಗೆ ಬೆನ್ನು ಕೊಟ್ಟು ಕೂತು ಹ್ಯಾಟು ಹೊಲಿಯತೊಡಗಿದಳು.

ಎಂಗ್ಡಾಲ್ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಮೂರನೆಯದನ್ನು ಮುಗಿಸಿ, ಐದನೆಯ ಹೆಸರಿಗೆ ಉಳಿ ಹಚ್ಚಿದ. ಅವಳ ಭುಜದ ಮೇಲೆ, ಹ್ಯಾಟಿನ ಮೇಲೆ ಕೆಂಪು ಪುಡಿ ಬೀಳುತ್ತಿತ್ತು. ಸಂಜೆ ಅವನು ಬೀಗ ಹಾಕುವಾಗ ಹೋದಳು, ಬೆಳಿಗ್ಗೆ ಅವನು ಬೀಗ ತೆಗೆಯುವ ಮೊದಲೇ ಬಂದಿದ್ದಳು. ಹೀಗೆ ಮೂರು ದಿನ. ಎರಡನೆಯ ದಿನ ಅವನೇ ಕಾಫಿ ತಂದುಕೊಟ್ಟ. ಊರಿನವರು ಯಾವುದೋ ನೆಪ ಮಾಡಿಕೊಂಡು ಹಳಿಯ ಪಕ್ಕ ಓಡಾಡಿದರು. ಓರ್ಫಾ ಒಂದು ಗಂಟೆ ಬಂದು ಜೊತೆಗೆ ನಿಂತು, "ಇಷ್ಟು ಧೂಳು ಕುಡಿದ ಹ್ಯಾಟನ್ನ ಯಾರು ಹಾಕ್ಕೋತಾರೆ ಅಂತ?" ಎಂದು ಗೊಣಗಿ, ಕೊನೆಗೆ ತಾನೇ ಅದನ್ನು ಕೊಳ್ಳುತ್ತೇನೆಂದು ಹೇಳಿ ಹೋದಳು.

ಮೂರನೆಯ ದಿನದ ಮಧ್ಯಾಹ್ನ ಹನ್ನೊಂದು ಹೆಸರು ಮುಗಿದವು. ಆಗ ಅಗಸ್ಟಾ ವೆದರ್ಬೀ ಗಾಡಿಯಿಂದಿಳಿದು ಬಂದಳು.

"ಏಳಿ ಮಿಸೆಸ್ ಪ್ರಾಟ್. ಊರೆಲ್ಲಾ ನೋಡ್ತಿದೆ."

"ನೋಡ್ಲಿ."

"ಶೆರಿಫ್‌ನ ಕರಿಸ್ಬೇಕಾಗತ್ತೆ."

"ಕರೀರಿ. ಯಾಕೆ ಎಬ್ಬಿಸ್ದೆ ಅಂತ ಅವನು ಕಾರಣ ಬರ್ಕೋಬೇಕು. ಗುರುವಾರದ ಪತ್ರಿಕೇಲಿ ಅದು ಅಚ್ಚಾಗತ್ತೆ. ಆವಾಗ ಬಂಡಿ ಹೊಡೆದೋರು ಯಾರು ಅಂತ್ಲೂ ಕೇಳ್ತಾರೆ, ನಾನು ಹೇಳ್ತೀನಿ."

ಅಗಸ್ಟಾ ಶೆಡ್ಡಿನ ಬಾಗಿಲಿನ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ, ಮೊದಲ ಸಲ ಅಧ್ಯಕ್ಷೆಯಂತಲ್ಲದೆ ಮಾತಾಡಿದಳು. "ನಿಮ್ಮ ತಾಯೀದು ಇನ್ನೆಲ್ಲೂ ಹೆಸರಿಲ್ಲ ರೀ. ನೀವೇ ಅಳಿಸ್ತಿದೀರಿ."

ಇದೊಂದು ಮಾತು ಹುಲ್ಡಾಳಿಗೆ ತಾಗಿತು. ಮೂರು ದಿನ ಬೆನ್ನಿನ ಹಿಂದೆ ಅದೇ ಇತ್ತು. ಅವಳು ಸೂಜಿಯನ್ನು ಹ್ಯಾಟಿಗೆ ಚುಚ್ಚಿ ನಿಲ್ಲಿಸಿದಳು.

"ಹೆಸರಿಲ್ದೆ ಇರೋದು ನಮ್ಮಮ್ಮಂಗೆ ಅಭ್ಯಾಸ ಇದೆ. ನಗ್ತಾ ಹಾಡೋದು ಅಭ್ಯಾಸ ಇಲ್ಲ."

ಅಗಸ್ಟಾ ಎಂಗ್ಡಾಲನ ಕಡೆ ತಿರುಗಿ, ನಾಲ್ಕನೆಯದನ್ನು ಬಿಟ್ಟುಬಿಡಿ, ಕೆಳಗಿನವನ್ನು ಮೇಲಕ್ಕೆ ಸರಿಸಿ ಎಂದಳು. ಕೆತ್ತಿದ ಅಕ್ಷರವನ್ನು ಸರಿಸಲಾಗುವುದಿಲ್ಲ ಎಂದು ಅವನು ಹೇಳಿದ. ಆ ಮಧ್ಯಾಹ್ನ ಅವನು ಆಡಿದ್ದು ಅದೊಂದೇ ಮಾತು. ಹುಲ್ಡಾ ಎದ್ದು, ಒದ್ದೆ ಬಟ್ಟೆ ತೆಗೆದುಕೊಂಡು, ಸುಣ್ಣದ ಹೆಸರನ್ನು ತಾನೇ ಒರೆಸಿದಳು.

ಮೇ ಮೂವತ್ತರಂದು ಬ್ಯಾಂಡಿನವರು ಬಾರಿಸಿದರು, ಪರದೆ ಎಳೆದರು. ಕಲ್ಲಿನ ಮೇಲೆ ಮೂರು ಹೆಸರು, ಒಂದು ಸಾಲಿನಷ್ಟು ಖಾಲಿ, ಆಮೇಲೆ ಎಂಟು ಹೆಸರು. ನೀರು ಕುಡಿಯಲು ಬಂದವರೆಲ್ಲ, ಇಲ್ಲೇನೋ ಬಿಟ್ಟುಹೋಗಿದೆಯಲ್ಲ ಎಂದು ಕೇಳುತ್ತಿದ್ದರು. ಊರಿನವರು ಉತ್ತರ ಹೇಳಲೇಬೇಕಾಗುತ್ತಿತ್ತು. ಕಲ್ಲಿನ ಮೇಲಿದ್ದ ಹನ್ನೊಂದು ತಾಯಂದಿರ ಕಥೆಯನ್ನು ಯಾರೂ ಯಾರನ್ನೂ ಕೇಳಲಿಲ್ಲ.

ಬ್ಯಾಂಕಿನವರ ಹೆಂಡತಿಯರು ಒಮಾಹಾದಲ್ಲಿ ಹ್ಯಾಟು ಕೊಂಡರು. ಹುಲ್ಡಾ ಬಿಸಿಲು ಟೋಪಿಗಳನ್ನು ಹೊಲಿದಳು. ಕ್ಲಬ್ಬಿನವರು ಕಪಾಟನ್ನು ಅವಳ ಅಂಗಡಿಯಿಂದ ಸಾಗಿಸಿದರು. ಆದರೆ ಅವಳನ್ನು ಕ್ಲಬ್ಬಿನಿಂದ ತೆಗೆಯಲಾಗಲಿಲ್ಲ. ಒಳಗೆ ಸೇರಿಸುವುದಕ್ಕೆ ನಿಯಮ ಬರೆದಿದ್ದರು, ಹೊರಗೆ ಹಾಕುವುದಕ್ಕೆ ಬರೆದಿರಲಿಲ್ಲ. ತಾನಾಗಿ ರಾಜೀನಾಮೆ ಕೊಡುತ್ತಾಳೆಂದು ಕಾದರು. ಅವಳು ಒಂದು ಮಂಗಳವಾರವನ್ನೂ ತಪ್ಪಿಸಲಿಲ್ಲ. ಅವಳಿಗೆ ಪ್ರಬಂಧ ಕೊಡಲಿಲ್ಲ. ಹಾಜರಿ ಕರೆದಾಗ ತನ್ನ ಒಂದು ಸಾಲನ್ನು ಹೇಳಿ ಕೂತುಕೊಳ್ಳುತ್ತಿದ್ದಳು. ಹೀಗೆ ಹದಿನಾಲ್ಕು ವರ್ಷ.

ಅಷ್ಟರಲ್ಲಿ ಯುದ್ಧವೊಂದು ಆಗಿಹೋಗಿತ್ತು, ಸಾಹಿತ್ಯದಲ್ಲಿ ಗಾಳಿ ಬೇರೆ ಬೀಸುತ್ತಿತ್ತು. ಕವಿಗಳು ಪ್ರಾಸ ಬಿಟ್ಟಿದ್ದರು. ಸಣ್ಣ ಊರುಗಳ ದೊಡ್ಡ ಮನುಷ್ಯರನ್ನು ಗೇಲಿ ಮಾಡುವ ಕಾದಂಬರಿಗಳು ಪೂರ್ವದಿಂದ ಬರುತ್ತಿದ್ದವು. ಅಗಸ್ಟಾಳ ಮಗಳು ವಿನಿಫ್ರೆಡ್ ಕಾಲೇಜು ಮುಗಿಸಿ ಬಂದು, ಕೂದಲು ಕತ್ತರಿಸಿಕೊಂಡು, ಕಾರ್ಯಕ್ರಮ ಸಮಿತಿಗೆ ಸೇರಿದ್ದಳು. ೧೯೨೩ರ ಬೇಸಿಗೆಯಲ್ಲಿ ಅವಳು ಹುಲ್ಡಾಳ ಅಂಗಡಿಗೆ ಬಂದಳು. ಮುಂದಿನ ವರ್ಷದ ವಿಷಯ ಹೊಸ ಬರವಣಿಗೆ, ಅದರಲ್ಲಿ ಒಂದು ದಿನ ಹುಲ್ಡಾ ತನ್ನ ಆ ಹಳೆಯ ಪ್ರಬಂಧವನ್ನು ಮತ್ತೆ ಓದಬೇಕು ಎಂದು ಕೇಳಿದಳು. ಕೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು.

ಹುಲ್ಡಾ ಗುಂಡುಪಿನ್ನುಗಳನ್ನು ತುಟಿಯಿಂದ ತೆಗೆದಳು. "ಒಂದ್ಸಲ ಓದಿದ್ದಾಯ್ತು."

"ಆಗ ಯಾರಿಗೂ ಅರ್ಥ ಆಗ್ಲಿಲ್ಲ ಮಿಸೆಸ್ ಪ್ರಾಟ್. ಈಗ ದೇಶದಲ್ಲೆಲ್ಲಾ ಹೀಗೇ ಬರೀತಿದಾರೆ. ದೊಡ್ಡ ಚಳುವಳಿ ಇದು. ನೀವು ಮುಂಚೇನೇ ಬರ್ದಿದ್ರಿ."

"ಎಲ್ಲರಿಗೂ ಅರ್ಥ ಆಯ್ತು ಕಣಮ್ಮ, ಅದಕ್ಕೇ ಚಪ್ಪಾಳೆ ತಟ್ಲಿಲ್ಲ. ನಾನೇನು ಚಳುವಳಿ ಅಂತ ಬರೀಲಿಲ್ಲ. ನಮ್ಮಮ್ಮನ ವಿಷಯ ಬರ್ದೆ. ನಿಂಗೆ ಬೇಕಿದ್ರೆ ನಿಮ್ಮಮ್ಮನ ವಿಷಯ ಬರಿ."

ವಿನಿಫ್ರೆಡ್ ನಕ್ಕಳು. ಹುಲ್ಡಾ ನಗದಿರುವುದನ್ನು ಕಂಡು ಅವಳ ನಗು ನಿಂತಿತು.

"ಅಮ್ಮ ಮುಂದಿನ ಸಾಲಲ್ಲೇ ಕೂತಿರ್ತಾಳಲ್ಲ," ಎಂದಳು.

"ನಾನು ಓದುವಾಗ್ಲೂ ಅಲ್ಲೇ ಕೂತಿದ್ರು," ಎಂದು ಹೇಳಿ ಹುಲ್ಡಾ ಪಿನ್ನುಗಳನ್ನು ಮತ್ತೆ ತುಟಿಗೆ ಸಿಕ್ಕಿಸಿಕೊಂಡಳು.